ಪಿನ್ನಿನಾಕೆ, ಸರ್ಟಿಫಿಕೇಟಿನಾತ

ನಮ್ಮ ಓಣಿಗೆ ಪಾತ್ರೆ ಮಾರಲು ಬರುವ ಹೆಂಗಸು ಸತ್ತ ಮೊಬೈಲುಗಳನ್ನು ಸೇಫ್ಟಿ ಪಿನ್ನಿನಿಂದ ಚುಚ್ಚುತ್ತಿದ್ದಳು. ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ಬಳ್ಳಾರಿಯ ಈ ಓಣಿಯಲ್ಲಿ ಆಕೆಯನ್ನು ನಾನು ಬಹಳ ವರ್ಷಗಳಿಂದ ನೋಡಿದ್ದೇನೆ. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ಹಳೆಯ ಜರಿ ಸೀರೆ ಕೊಟ್ಟರೆ ಸ್ಟೀಲಿನ ಡಬ್ಬಿ, ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಕಟ್ಟಿಟ್ಟು ಕೊಟ್ಟರೆ ಒಂದು ಸೌಟು. ನನ್ನ ಮದುವೆಯ ಸೀರೆ ಇವತ್ತಿಗೂ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯಾಗಿ ಕೂತಿದೆ. ಆಮೇಲೆ ಜರಿ ಸೀರೆಗಳು ಮುಗಿದವು, ಓಣಿಯ ಹೆಂಗಸರ ಕೂದಲೂ ತೆಳುವಾಯಿತು. ಈಗ ಆಕೆ ಬರುವುದು ಮೊಪೆಡ್ಡಿನ ಮೇಲೆ. ಹಿಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಟಬ್ಬುಗಳ ಗೋಪುರ, ಮುಂದೆ ಕಾಲಿನ ಹತ್ತಿರ ಒಂದು ಗೋಣಿಚೀಲ, ಹ್ಯಾಂಡಲ್ಲಿಗೆ ಕಟ್ಟಿದ ಸ್ಪೀಕರಿನಲ್ಲಿ ಆಕೆಯದೇ ದನಿ: "ಹಳೇ ಮೊಬೈಲು, ಒಡದ ಮೊಬೈಲು, ನೀರಾಗ ಬಿದ್ದ ಮೊಬೈಲು, ಕೆಟ್ಟ ಚಾರ್ಜರು ಕೊಡ್ರಿ, ಟಬ್ಬು ತಗೊಳ್ರಿ." ಅದು ಮುಗಿದ ಕೂಡಲೇ ಅದೇ ಮಾತು ತೆಲುಗಿನಲ್ಲಿ: "ಪಾತ ಸೆಲ್ಲು, ಪಗಿಲಿನ ಸೆಲ್ಲು ತೀಸುಕುರಂಡಮ್ಮಾ."

ನಾನು ವರಾಂಡದ ಗ್ರಿಲ್ಲಿನ ಒಳಗಿಂದ ನೋಡುತ್ತಿದ್ದೆ. ಎದುರು ಮನೆಯ ಸೊಸೆ ಒಂದು ಸತ್ತ ಫೋನು ತಂದು ಕೊಡುವಳು. ಈಕೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನುಗಳ ಗೊಂಚಲಿನಿಂದ ಒಂದನ್ನು ಬಿಚ್ಚಿ, ಫೋನನ್ನು ತಿರುವಿ, ಅದರ ಪಕ್ಕೆಯಲ್ಲಿ ಚುಚ್ಚುವಳು. ಸೊಸೆ ತೀರ್ಥಕ್ಕೆ ಒಡ್ಡಿದ ಹಾಗೆ ಅಂಗೈ ಒಡ್ಡುವಳು. ಅದರಲ್ಲಿ ಏನೋ ಬೀಳುತ್ತಿತ್ತು. ಪೊರೆ ಬಂದ ನನ್ನ ಕಣ್ಣಿಗೆ ಅಷ್ಟು ದೂರದಿಂದ ಅದೇನೆಂದು ಕಾಣುತ್ತಿರಲಿಲ್ಲ. ಹೇರ್‌ಪಿನ್ನೋ ಬಿಂದಿಯೋ, ಬಾಯಿ ಮುಚ್ಚಿಸಲು ಕೊಡುವ ಏನಾದರೂ ಇರಬೇಕು ಅಂದುಕೊಂಡೆ. ಅದೇ ದಿನಗಳಲ್ಲಿ ಪೇಪರಿನಲ್ಲಿ ಓದುತ್ತಿದ್ದೆ, ಟಿವಿಯಲ್ಲೂ ಕೇಳುತ್ತಿದ್ದೆ: ಹಳೆಯ ಫೋನು ಕಂಡಕಂಡವರಿಗೆ ಕೊಡಬೇಡಿ, ಅದರೊಳಗೆ ನಿಮ್ಮ ಇಡೀ ಜನ್ಮವೇ ಇರುತ್ತದೆ ಎಂದು.

ಒಂದು ದಿನ ಗೇಟಿಗೆ ಬಂದು ಕೇಳಿಯೇಬಿಟ್ಟೆ.

"ಏನ್ ಚುಚ್ಚತಿಯವ್ವಾ ಅದರಾಗ?"

"ಜೀವ ಐತೇನು ಅಂತ ನೋಡ್ತೀನ್ರಿ ಟೀಚರಮ್ಮ." ಪಕ್ಕದ ಹೆಂಗಸರು ನಕ್ಕರು.

"ತಮಾಷಿ ಬ್ಯಾಡ. ಒಳಗಿಂದು ಏನೋ ತೆಗಿತಿ ನೀನು."

"ತೆಗಿಯೋದು ತೆಗಿತೀನಿ, ಕೊಡೋದು ಕೊಡ್ತೀನಿ. ನಿಮ್ಮದು ಒಂದು ತರ್ರಿ, ತೋರಸ್ತೀನಿ."

"ನಂದು ಇನ್ನಾ ಸತ್ತಿಲ್ಲ."

"ಟ್ರಂಕಿನಾಗ ಒಂದು ಸತ್ತದ್ದು ಇರತೈತಿ ಬಿಡ್ರಿ. ಎಲ್ಲಾರ ಮನ್ಯಾಗೂ ಇರತೈತಿ. ಮಣ್ಣು ಮಾಡಾಕ ಮನಸು ಬರಂಗಿಲ್ಲ ನಿಮಗ."

ನಿಜವಾಗಿ ಇತ್ತು, ಟ್ರಂಕಿನಲ್ಲಲ್ಲ, ಅಲ್ಮೆರಾದಲ್ಲಿ, ನಾಫ್ತಲಿನ್ ಗುಳಿಗೆಗಳ ಜೊತೆ. ಅದು ಆಕೆಗೆ ಹೇಗೆ ಗೊತ್ತಾಯಿತು ಎಂದು ಅದನ್ನೂ ಅನುಮಾನದ ಲೆಕ್ಕಕ್ಕೇ ಸೇರಿಸಿಕೊಂಡೆ.

ಅದೇ ಸುಮಾರಿಗೆ ನಾನು ಇಂಗ್ಲಿಷ್ ಕಲಿಸಿ ರಿಟೈರ್ ಆದ ಶಾಲೆಯವರು ನನ್ನನ್ನು ಕರೆಸಿದರು. ಒಂದು ಕೋಣೆಯ ತುಂಬ ಹಳೆಯ ಕಂಪ್ಯೂಟರುಗಳು, ಬೆನ್ನು ಉಬ್ಬಿದ ಹಳೆಯ ಮಾನಿಟರುಗಳು, ಹದಿನಾಲ್ಕು ಸೆಟ್ಟು. ಅವುಗಳಿಗೆ ನಂಬರು ಹಾಕಿದವಳು ನಾನೇ. ನಾನು ಓದಿದ ಕಾನ್ವೆಂಟಿನಲ್ಲಿ ನೇಲ್ ಪಾಲಿಶ್ ಹಚ್ಚಿದರೆ ಸಿಸ್ಟರ್ ಬ್ಲೇಡಿನಿಂದ ಕೆರೆಸುತ್ತಿದ್ದರು. ಹಾಗಾಗಿ ನೇಲ್ ಪಾಲಿಶ್ ಬಾಟಲಿ ನನ್ನ ಜೀವನದಲ್ಲಿ ಉಗುರಿಗೆ ಬಂದದ್ದೇ ಇಲ್ಲ. ಛತ್ರಿ, ಟಿಫಿನ್ ಕ್ಯಾರಿಯರು, ಕಂಪ್ಯೂಟರುಗಳ ಮೇಲೆ ಗುರುತು ಹಾಕಲು ಬಂತು. ಒಂದರಿಂದ ಹದಿನಾಲ್ಕರ ತನಕ, ಕೆಂಪು ಅಂಕಿ, ಪಕ್ಕದಲ್ಲಿ ಒಂದು ಎಲ್. ಲ್ಯಾಬ್ ಎಂದು ಅರ್ಥ.

"ಗುಜರಿಯವರಿಗೆ ಹಾಕಿಬಿಡೋಣೇನು ಮೇಡಂ?" ಎಂದು ಆಫೀಸಿನವರು ಕೇಳಿದರು. ಬೇಡ, ಇದಕ್ಕೆ ಕಾನೂನು ಇದೆ ಎಂದೆ. ಮನೆಗೆ ಪ್ರಿಂಟ್ ತರಿಸಿಕೊಂಡು ಇ-ತ್ಯಾಜ್ಯದ ನಿಯಮಗಳನ್ನು ಪೆನ್ಸಿಲ್ ಹಿಡಿದು ಓದಿದೆ. ಚೆನ್ನಾಗಿತ್ತು. ಯಂತ್ರ ಮಾಡಿದವನ ಜವಾಬ್ದಾರಿ ಮಾರಿದ ದಿನಕ್ಕೆ ಮುಗಿಯುವುದಿಲ್ಲ. ಅದು ಕೆಟ್ಟ ಮೇಲೂ ಅದರ ಗತಿ ಅವನೇ ನೋಡಬೇಕು. ಒಡೆಯುವುದು, ಕರಗಿಸುವುದು ನೋಂದಾಯಿತರು ಮಾತ್ರ ಮಾಡಬೇಕು. ಬಯಲಲ್ಲಿ ಸುಡಕೂಡದು. ಕೆಲಸ ಮುಗಿದದ್ದಕ್ಕೆ ಸರ್ಟಿಫಿಕೇಟು. ನಮ್ಮಂಥ ಸಣ್ಣ ಶಾಲೆಯ ಕತ್ತು ಹಿಡಿಯುವ ನಿಯಮ ಅದರಲ್ಲಿ ಇರಲಿಲ್ಲ. ಕತ್ತು ಒಡ್ಡಿದವಳು ನಾನು. ಒಪ್ಪವಾಗಿ ಬರೆದ ವಾಕ್ಯ ಕಂಡರೆ ನನಗೆ ಅದು ನಡೆದೇ ಹೋದ ಹಾಗೆ ಅನಿಸುತ್ತದೆ. ಇಡೀ ಆಯುಷ್ಯ ಗ್ರಾಮರ್ ಕಲಿಸಿದವರ ರೋಗ ಅದು.

ನೋಂದಾಯಿತ ಎಂದು ಹೇಳಿಕೊಂಡ ಒಬ್ಬಾತ ಬಂದ. ಬಿಳಿ ಅಂಗಿ, ಕೊರಳಲ್ಲಿ ನೀಲಿ ಪಟ್ಟಿಯ ಐಡಿ ಕಾರ್ಡು. "ಗುಡ್ ಮಾರ್ನಿಂಗ್, ಮ್ಯಾಮ್" ಎಂದ. ಆ ಮ್ಯಾಮ್ ಅನ್ನು ನಮ್ಮ ಸಿಸ್ಟರ್ ಹೇಳಿಕೊಟ್ಟ ಹಾಗೆಯೇ ಹೇಳಿದ. ಕೊಡುವ ಸರ್ಟಿಫಿಕೇಟು ಹೇಗಿರುತ್ತದೆ ಎಂದು ಒಂದು ಮಾದರಿ ತೋರಿಸಿದ. ಹಿಯರ್‌ಬೈ ಸರ್ಟಿಫೈಡ್, ಎನ್ವಿರಾನ್ಮೆಂಟಲಿ ಸೌಂಡ್ ಮ್ಯಾನರ್. ಕಾಮಾ ಇರಬೇಕಾದಲ್ಲಿ ಕಾಮಾ, ಸ್ಪೆಲಿಂಗಿನಲ್ಲಿ ಒಂದು ತಪ್ಪಿಲ್ಲ. ಅಭ್ಯಾಸಬಲದಿಂದ ಕೈಗೆ ಬಂದಿದ್ದ ಕೆಂಪು ಪೆನ್ನಿಗೆ ಕೆಲಸವೇ ಸಿಗಲಿಲ್ಲ. ನೋಂದಣಿ ನಿಜವೇ ಎಂದು ಸರಕಾರದ ಪೋರ್ಟಲಿನಲ್ಲಿ ನೋಡಬಹುದಿತ್ತು. ನೋಡಲಿಲ್ಲ. ಸ್ಪೆಲಿಂಗ್ ನೋಡಿದೆ.

ಮಾತಿನ ನಡುವೆ ಟಬ್ಬಿನಾಕೆಯ ಪಿನ್ನಿನ ವಿಷಯವನ್ನೂ ಅವನಿಗೆ ಹೇಳಿದೆ. ಆತ ತಲೆ ಅಲ್ಲಾಡಿಸಿದ.

"ಇಂಥವರಿಂದಲೇ ಪ್ರಾಬ್ಲಮ್, ಮ್ಯಾಮ್. ನಿಮ್ಮಂಥ ಎಜುಕೇಟೆಡ್ ಪೀಪಲ್ ಕಂಪ್ಲೇಂಟ್ ಬರೆಯೋದಿಲ್ಲ. ಅದಕ್ಕೇ ಇವರು ಓಡಾಡ್ತಾರೆ."

ಆ ದಿನ ಸಂಜೆಯೇ ಬರೆದೆ. ಎರಡು ಪುಟ, ಇಂಗ್ಲಿಷಿನಲ್ಲಿ, ಕೂಡಿಸಿ ಬರೆಯುವ ನನ್ನ ಕಾನ್ವೆಂಟ್ ಅಕ್ಷರದಲ್ಲಿ. ಸಸ್ಪಿಷಸ್ ಎಂಬ ಶಬ್ದವನ್ನು ಮೂರು ಸಲ ಬಳಸಿದ್ದೆ. ಮರುದಿನ ಪಾಲಿಕೆಯ ಕಚೇರಿಗೆ ಹೋಗಿ ಕೊಟ್ಟುಬಂದೆ.

ಕೆಲವು ದಿನಗಳ ಮೇಲೆ, ಬೆಳಗಿನ ಹೊತ್ತು, ನಾನು ಒಳಗೆ ಹೆಸರುಕಾಳು ಆರಿಸುತ್ತಿದ್ದೆ. ಓಣಿಯ ತುದಿಯಲ್ಲಿ ಆಕೆಯ ದನಿ ಕೇಳಿಸಿತು. "ಹಳೇ ಮೊಬೈಲು, ಒಡದ ಮೊಬೈಲು, ನೀರಾಗ ಬಿದ್ದ ಮೊ" ಅಷ್ಟಕ್ಕೇ ನಿಂತಿತು. ವರಾಂಡಕ್ಕೆ ಬಂದು ನೋಡಿದಾಗ ಕಚೇರಿಯವರು ಮೊಪೆಡ್ಡನ್ನು ಗೋಣಿಚೀಲದ ಸಮೇತ ತಮ್ಮ ಗಾಡಿಗೆ ಏರಿಸುತ್ತಿದ್ದರು. ಆಕೆ ಟಬ್ಬುಗಳನ್ನು ಒಂದರೊಳಗೊಂದು ಇಟ್ಟು, ತಲೆಯ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನನ್ನ ಕಡೆ ನೋಡಲಿಲ್ಲ. ನಾನು ಗ್ರಿಲ್ಲಿನ ಒಳಗೇ ಇದ್ದೆ.

ಅದಾದ ಮರುವಾರ ಬಿಳಿ ಅಂಗಿಯಾತ ಟೆಂಪೊ ತಂದು ಹದಿನಾಲ್ಕು ಕಂಪ್ಯೂಟರುಗಳನ್ನೂ ಹೇರಿಕೊಂಡು ಹೋದ. ಸರ್ಟಿಫಿಕೇಟು ಬಂತು. ಶಾಲೆಯವರು ಅದಕ್ಕೆ ಫ್ರೇಮು ಹಾಕಿಸಿದರು.

ಆಕೆ ಮತ್ತೆ ಬರಲಿಲ್ಲ. ಓಣಿಯ ಹೆಂಗಸರು ಆಗಾಗ, "ಟಬ್ಬಿನಾಕಿ ಯಾಕ ಬರವಲ್ಲಳು?" ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಪೇಪರು ಮಡಚಿಕೊಂಡು ಒಳಗೆ ಹೋಗುತ್ತಿದ್ದೆ.

ಕುರುಗೋಡಿಗೆ ನಾನು ಹೋದದ್ದು ಜೊತೆಯಲ್ಲಿ ಕೆಲಸ ಮಾಡಿದ ಟೀಚರೊಬ್ಬರ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ. ಊಟ ಮುಗಿಸಿ ಬಸ್ಸಿಗೆಂದು ಒಳಓಣಿಯಲ್ಲಿ ನಡೆಯುತ್ತಿದ್ದಾಗ ಒಂದು ಮನೆಯ ಕಟ್ಟೆಯ ಮೇಲೆ ಬೆನ್ನು ಉಬ್ಬಿದ ಮಾನಿಟರಿನ ಬರೀ ಚಿಪ್ಪು ಕಂಡಿತು. ಗಾಜಿರಬೇಕಾದ ಜಾಗದಲ್ಲಿ ಹಾಸಿದ ಹುಲ್ಲಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ಅಂಚಿನಲ್ಲಿ ಕೆಂಪು ಒಂಬತ್ತು, ಪಕ್ಕದಲ್ಲಿ ಎಲ್. ನನ್ನ ಒಂಬತ್ತಿನ ಬಾಲ ನನಗೆ ಗೊತ್ತಾಗದೇ?

ಒಳಗಿನಿಂದ ಬಂದವಳು ಟಬ್ಬಿನಾಕೆಯೇ.

ನನಗೆ ಒಂದು ತರಹದ ಸಮಾಧಾನವೇ ಆಯಿತು ಎಂದರೆ ಸುಳ್ಳಲ್ಲ. ನನ್ನ ಅನುಮಾನ ಕೋಳಿಯ ಸಮೇತ ಎದುರಿಗೇ ಕೂತಿತ್ತು.

"ಇದು ನಮ್ಮ ಸಾಲಿದು. ನಿನ್ನ ಕೈಗೆ ಹೆಂಗ ಬಂತು?" ಎಂದೆ.

"ಕೇಳಾಕ ಬಂದೀರೋ, ಹಿಡಿಸಾಕ ಬಂದೀರೋ?" ಎಂದಳು ಆಕೆ. ಒಳಗೆ ಬರ್ರಿ ಎನ್ನಲಿಲ್ಲ. "ಹಿಡಿಸಾಕಾದ್ರ ಇನ್ನೊಂದು ಚೀಟಿ ಬರೀರಿ. ಕೈ ರೂಢಿ ಐತಲ್ಲ."

"ಯಾವ ಚೀಟಿ?"

"ಯಾವ ಚೀಟಿ ಅಂತ ನನ್ನ ಕೇಳ್ತೀರಿ ನೋಡ್ರಿ. ಕಚೇರಿ ಸಾಹೇಬ ನನ್ನ ಮುಂದ ಹಿಡದು ತೋರಿಸಿದ. ನನಗ ಓದಾಕ ಬರಂಗಿಲ್ಲ ಖರೇ. ಆದ್ರ ನನ್ನ ಮಗಳ ಸಾಲಿ ಅರ್ಜಿ ನೀವಾ ಬರದುಕೊಟ್ಟಿದ್ರಿ, ನೆನಪೈತೇನು? ಅಕ್ಷರ ಅಕ್ಷರದ ಕೈ ಹಿಡಕೊಂಡು ಬಳ್ಳಿ ಹಬ್ಬಿದಂಗಿತ್ತು. ಎಷ್ಟು ಚಂದ ಬರೀತಾರ ಅಂತ ಓಣಿಗೆಲ್ಲ ತೋರಿಸಿದ್ದೆ. ಅದಾ ಬಳ್ಳಿ. ಬ್ಯಾರೆ ಯಾರದೂ ಅಲ್ಲ."

ಬಿಸಿಲಿನಲ್ಲಿ ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದೆ. ಆದರೂ ನನ್ನ ಹಳೆಯ ಬುದ್ಧಿ ನನ್ನನ್ನು ಬಿಡಲಿಲ್ಲ.

"ಅದು ಇರಲಿ. ಈ ಮಾನಿಟರು ಎಲ್ಲಿಂದ ತಂದಿ?"

"ಬರ್ರಿ," ಎಂದು ಚಪ್ಪಲಿ ಮೆಟ್ಟಿದಳು.

ಮನೆಗಳ ಹಿಂದೆ, ಗುಡ್ಡದ ಬುಡದಲ್ಲಿ ಕಲ್ಲು ತೆಗೆದು ಬಿಟ್ಟ ಹೊಂಡ. ಮೂಗಿಗೆ ಮೊದಲು ಗೊತ್ತಾಯಿತು: ಸುಟ್ಟ ಪ್ಲಾಸ್ಟಿಕ್ಕಿನ, ನಾಲಿಗೆಗೆ ಅಂಟುವ ವಾಸನೆ. ಹೊಂಡದ ತಳದಲ್ಲಿ ಕರಗಿ ಗಟ್ಟಿಯಾದ ಕಪ್ಪು ರಾಶಿ, ತಾಮ್ರ ಕಿತ್ತುಕೊಂಡ ವೈರುಗಳ ಸಿಪ್ಪೆ, ಒಡೆದ ಗಾಜು, ಹಲ್ಲು ಉದುರಿದ ಬಾಯಿಯಂಥ ಕೀಬೋರ್ಡುಗಳು. ಮೂರು, ಎಲ್. ಹನ್ನೊಂದು, ಎಲ್. ಬೆಂಕಿಗೆ ನೇಲ್ ಪಾಲಿಶ್ ಬಣ್ಣ ಬದಲಿಸಿತ್ತು, ಅಳಿದಿರಲಿಲ್ಲ.

"ಬಿಳಿ ಅಂಗಿಯಾತ ಟೆಂಪೊದಾಗ ತಂದ. ಕೊಳ್ಳಾಗ ನೀಲಿ ಪಟ್ಟಿ ಇತ್ತು. ಬೇಕಾದ್ದು ಬಿಚ್ಕೊಂಡು ಉಳದದ್ದಕ್ಕ ಬೆಂಕಿ ಹಚ್ಚಿದ. ಎರಡು ದಿನ ಅರಿವಿ ಒಣಗಿಸಾಕ ಆಗಲಿಲ್ಲ ನಮಗ, ಅಷ್ಟು ಹೊಗಿ. ಕೇಳಾಕ ಹೋದ್ರ, ಸರ್ಟಿಫಿಕೇಟ್ ಐತಿ ಅಂದ. ಒಂದು ಚಿಪ್ಪು ನಾ ಎತ್ತಿಕೊಂಡು ಬಂದೆ, ಕೋಳಿಗೆ."

ಆಗಲೂ ನಾನು ಒಮ್ಮೆಲೇ ನಂಬಲಿಲ್ಲ. ಇವಳೇ ಸುಟ್ಟು ಅವನ ಮೇಲೆ ಹಾಕುತ್ತಿರಬಹುದು ಎಂದು ಒಂದು ಕ್ಷಣ ಮನಸ್ಸಿಗೆ ಬಂತು. ಬಂದದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ದಿನಗಳನ್ನು ಹಿಂದೆಮುಂದೆ ಮಾಡಿ ನೋಡಿದೆ. ಕಂಪ್ಯೂಟರುಗಳು ಶಾಲೆಯಿಂದ ಹೊರಟ ದಿನ ಇವಳ ಮೊಪೆಡ್ಡು ಕಚೇರಿಯ ಅಂಗಳದಲ್ಲಿತ್ತು. ಅದನ್ನು ಅಲ್ಲಿ ನಿಲ್ಲಿಸಿದವಳು ನಾನೇ. ಹದಿನಾಲ್ಕು ಮಾನಿಟರುಗಳನ್ನು ಬಳ್ಳಾರಿಯಿಂದ ಕುರುಗೋಡಿಗೆ ತಲೆಯ ಮೇಲೆ ಹೊತ್ತು ತರುವವರಿಲ್ಲ.

"ಗಾಡಿ ಇನ್ನಾ ಬಿಟ್ಟಿಲ್ಲೇನು?" ಎಂದೆ.

"ಮಾಲು ಎಲ್ಲಿಗೆ ಹೋಗತೈತಿ ಅಂತ ಬರಹದಾಗ ತರಬೇಕಂತ. ಬರಹ ನನಗೆಲ್ಲಿಂದ ಬರಬೇಕು? ಗಾಡಿ ಇಲ್ಲದಾ ನಾ ಯಾವ ಓಣಿ ತಿರಗಲಿ? ತಲಿ ಮ್ಯಾಲೆ ಹೊರೋ ವಯಸ್ಸು ಹೋತು. ಒಂದು ಬಳ್ಳಿ ಬರದು ನಿಲ್ಲಿಸಿದ್ರಿ. ಇನ್ನೊಂದು ಬಳ್ಳಿ ಬರದು ಬಿಡಸ್ರಿ."

ಆಕೆಯ ಮಾಲು ಹೋಗುತ್ತಿದ್ದದ್ದು ಸಿರುಗುಪ್ಪಕ್ಕೆ, ಬರಹವೂ ಅಲ್ಲಿಂದಲೇ ಬರಬೇಕಿತ್ತು. ಎರಡು ದಿನ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋದೆವು. ಕಿಟಕಿಯ ಪಕ್ಕ ನಾನು. ಆಕೆ ನನ್ನ ಪಕ್ಕ ಕೂರದೆ ಹಿಂದಿನ ಸೀಟಿನಲ್ಲಿ ಕೂತಳು. ಎರಡೂ ಕಡೆ ಕಾಲುವೆ ನೀರಿನ ಭತ್ತದ ಹೊಲಗಳು. ಸುಟ್ಟ ಹೊಂಡದ ನೀರು ಎಲ್ಲಿಗೆ ಇಳಿಯುತ್ತದೋ ಎಂದು ಅಂಥ ಹಸಿರನ್ನೂ ಅನುಮಾನಿಸುತ್ತ ಹೋದೆ.

ಬಸ್ ಸ್ಟ್ಯಾಂಡಿನ ಹಿಂದಿನ ಮೊಬೈಲ್ ರಿಪೇರಿ ಅಂಗಡಿ, ಒಂದು ಬೀರುವಿನಷ್ಟು ಅಗಲ. ಆಕೆ ತರುವ ಫೋನುಗಳನ್ನು ತೆಗೆದುಕೊಳ್ಳುವವನು ಆ ಅಂಗಡಿಯವನು. ಒಂದರ ಗಾಜು, ಒಂದರ ಸ್ಪೀಕರು, ಇನ್ನೊಂದರ ಬೋರ್ಡು ಕೂಡಿಸಿ ಒಂದು ಮಾಡುತ್ತಾನೆ. ಅದೇ ತಾಲ್ಲೂಕಿನ ಕರೂರಿನಿಂದ ಬಂದ, ಭತ್ತದ ನಾಟಿ ಕೆಲಸದ ಹೆಂಗಸೊಬ್ಬಳು ತನ್ನ ಫೋನಿಗಾಗಿ ಕಾಯುತ್ತ ಕೂತಿದ್ದಳು.

"ಮೂರು ಹೆಣ ಕೂಡಿದ್ರ ಒಂದು ಜೀವ, ಮೇಡಂ," ಎಂದ ಅಂಗಡಿಯವನು. "ಈಕಿ ಬರದಾ ನಿಂತಾಗಿಂದ ನನ್ನ ಕಡೆ ಬಿಡಿಭಾಗ ಇಲ್ಲ. ಈ ಅಕ್ಕ ನಾಕು ಸಲ ಬಂದು ಹೋಗ್ಯಾಳ."

"ಐದು ಸಲ," ಎಂದಳು ಕರೂರಿನವಳು. "ಬಸ್ಸಿನ ಕಂಡಕ್ಟರ್ ನನ್ನ ಬೀಗರು ಅನ್ನಾಕ ಹತ್ಯಾನ."

ಉಳಿದ ಬೋರ್ಡುಗಳನ್ನು ಏನು ಮಾಡುತ್ತೀ, ಚಿನ್ನ ತೆಗೆಯಲು ಆಸಿಡ್ಡಿನಲ್ಲಿ ಹಾಕುತ್ತೀಯೋ ಎಂದು ಕೇಳಿದೆ. ಆತ ಒಂದು ಡ್ರಮ್ಮು ತೋರಿಸಿದ, ತುಂಬಿತ್ತು. "ಯಾರಿಗೆ ಕೊಡಬೇಕೋ ನೀವಾ ಹೇಳ್ರಿ," ಎಂದ. ಆ ಪ್ರಶ್ನೆಗೆ ನನ್ನ ಪ್ರಿಂಟಿನಲ್ಲಿ ಉತ್ತರ ಇತ್ತು. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಇರಲಿಲ್ಲ. ಆಕೆಯಿಂದ ರಿಪೇರಿಗೆಂದು ಫೋನು ಕೊಳ್ಳುತ್ತೇನೆ ಎಂದು ಅಂಗಡಿಯ ಚೀಟಿಯ ಮೇಲೆ ಬರೆದು ಸೀಲು ಒತ್ತಿ ಕೊಟ್ಟ.

ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತ ನನ್ನ ಹಳೆಯ ಅರ್ಜಿಯ ಕಡತ ತೆಗೆದ.

"ಇದು ವಿಲೇವಾರಿ ಆಗೈತಿ, ಮೇಡಂ."

"ಗಾಡಿ?"

"ಗಾಡಿಗೆ ಈ ಚೀಟಿ ಸಾಕು, ಇವತ್ತಾ ಒಯ್ರಿ."

"ಚೀಲದ ಮಾಲು?"

"ಅದೂ ವಿಲೇವಾರಿ."

ಸರಕಾರಿ ಕನ್ನಡದಲ್ಲಿ ಅರ್ಜಿಗೂ ಕಸಕ್ಕೂ ಒಂದೇ ಶಬ್ದ. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. "ಯಾರಿಗೆ ಕೊಟ್ರಿ?" ಎಂದೆ.

"ಅಧಿಕೃತರಿಗೇ ಕೊಟ್ಟೀವಿ," ಎಂದು ಆತ ಕಡತದಿಂದ ಒಂದು ಹಾಳೆ ಎಳೆದು ತೋರಿಸಿದ. ಹಿಯರ್‌ಬೈ ಸರ್ಟಿಫೈಡ್. ಕಾಮಾ ಇರಬೇಕಾದಲ್ಲಿ ಕಾಮಾ. ಎನ್ವಿರಾನ್ಮೆಂಟಲಿ ಸೌಂಡ್ ಮ್ಯಾನರ್.

ಅಲ್ಲಿಯೇ ಬೆಂಚಿನ ಮೇಲೆ ಕೂತು ಇನ್ನೊಂದು ಅರ್ಜಿ ಬರೆದೆ. ಹೊಂಡ, ಟೆಂಪೊ, ನನ್ನ ಕೆಂಪು ಅಂಕಿಗಳು, ಎಲ್ಲ. ಗುಮಾಸ್ತ ಸೀಲು ಒತ್ತಿ "ನೋಡ್ತೀವಿ" ಎಂದ. ಬಿಳಿ ಅಂಗಿಯಾತ ಆವತ್ತಿನಿಂದ ನನ್ನ ಫೋನು ಎತ್ತುವುದಿಲ್ಲ. ಶಾಲೆಯವರು ಫ್ರೇಮು ಇಳಿಸಿದ್ದಾರೆ. ಗೋಡೆಯ ಮೇಲೆ ಚೌಕದ ಗುರುತು ಉಳಿದಿದೆ. ನನ್ನ ಎರಡನೆಯ ಅರ್ಜಿ ಇನ್ನೂ ವಿಲೇವಾರಿ ಆಗಿಲ್ಲ. ಆಗದಿರುವುದೇ ಒಳ್ಳೆಯದೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆವತ್ತು ಕಚೇರಿಯ ಅಂಗಳದಿಂದ ಆಕೆ ಮೊಪೆಡ್ಡು ತಳ್ಳಿಕೊಂಡು ಹೋದಳು. ಥ್ಯಾಂಕ್ಸ್ ಹೇಳಲಿಲ್ಲ.

ಹದಿನೈದು ದಿನಗಳ ಮೇಲೆ ಓಣಿಯಲ್ಲಿ ಸ್ಪೀಕರು ಕೇಳಿಸಿತು. ಹೊಸ ರೆಕಾರ್ಡಿಂಗು: "ಹಳೇ ಸೀರಿ, ಕೂದ್ಲು, ಹಿತ್ತಾಳಿ ಕೊಡ್ರಿ, ಟಬ್ಬು ತಗೊಳ್ರಿ." ಮೊಬೈಲಿನ ಸುದ್ದಿ ಇಲ್ಲ. ನಮ್ಮ ಗೇಟಿನ ಮುಂದೆ ನಿಲ್ಲಿಸಿದಳು.

"ಟೀಚರಮ್ಮ, ಕಾನೂನಿನಾಗ ನಮ್ಮಂಥೋರ ಹೆಸರು ಎಲ್ಲ್ಯಾರ ಐತೇನು? ಖರೇ ಹೇಳ್ರಿ."

ಪ್ರಿಂಟ್ ತಂದು ಹುಡುಕಿದೆ. ಮೊದಲ ಸಲ ಓದುವಾಗ ಈ ಪ್ರಶ್ನೆ ನನಗೆ ಹುಟ್ಟಿರಲಿಲ್ಲ. ಕೊನೆಯ ಕಡೆ ಇತ್ತು: ಒಡೆಯುವ, ರಿಪೇರಿ ಮಾಡುವ ಕೆಲಸಗಾರರನ್ನು ರಾಜ್ಯವು ಗುರುತಿಸಬೇಕು, ನೋಂದಾಯಿಸಬೇಕು, ಅವರಿಗೆ ತರಬೇತಿ ಕೊಡಬೇಕು. ತಂದುಕೊಡುವವರ ಮಾತು ಅದರಲ್ಲಿ ನೇರವಾಗಿ ಇಲ್ಲ ಎಂದೂ ಹೇಳಿದೆ.

"ಅಷ್ಟು ಸಂದಿ ಸಾಕು. ಅರ್ಜಿ ಬರೀರಿ. ಸಿರುಗುಪ್ಪದಾತಂದೂ ನಂದೂ ಕೂಡಿಸಿ ಬರೀರಿ. ಆದ್ರ ಇಂಗ್ಲಿಷ್ ಬ್ಯಾಡ. ಕನ್ನಡದಾಗ ಬರೀರಿ, ಬಿಡಿಬಿಡಿ ಅಕ್ಷರ. ಬಳ್ಳಿ ಬ್ಯಾಡ."

ಬರೆದೆ. ಎರಡನೆಯ ಇಯತ್ತೆಯ ಮಕ್ಕಳ ಕಾಪಿಯಂತೆ, ಒಂದೊಂದು ಅಕ್ಷರ ಬಿಡಿಸಿ. ಸಹಿ ಮಾಡಲು ಪೆನ್ನು ಕೊಟ್ಟರೆ ಹಿಡಿಯಲಿಲ್ಲ.

"ಮಗಳ ಕೈಲಿ ಓದಿಸಿ ಮಾಡ್ತೀನಿ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲಿಲ್ಲ. ಒಳಗೆ ಹೋಗಿ ಅಲ್ಮೆರಾ ತೆಗೆದು, ನಾಫ್ತಲಿನ್ ವಾಸನೆಯ ಆ ಸತ್ತ ಫೋನು ತಂದು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ತಿರುವಿ ನೋಡಿದಳು. ಬಳೆಯಿಂದ ಪಿನ್ನು ಬಿಚ್ಚಿದಳು. ಪಕ್ಕೆಯ ಸಣ್ಣ ತೂತಿನಲ್ಲಿ ಚುಚ್ಚಿದಾಗ ಒಂದು ಪುಟ್ಟ ತಟ್ಟೆ ಹೊರಗೆ ಬಂತು.

"ಕೈ ಹಿಡೀರಿ."

ಅಂಗೈ ಒಡ್ಡಿದೆ. ಉಗುರಿನಷ್ಟು ಸಿಮ್ಮು ಅದರೊಳಗೆ ಬಿತ್ತು.

"ಇದು ನಿಮ್ಮ ಹೆಸರಿಂದು. ಇದನ್ನ ಯಾರಿಗೂ ಕೊಡಬಾರದು. ಕತ್ತರಿಸಿ ಒಗೀರಿ, ಇಲ್ಲಾ ಇಟ್ಕೊಳ್ರಿ. ಎಲ್ಲಾರಿಗೂ ಇದನ್ನ ತೆಗದುಕೊಟ್ಟಾ ಮುಂದಿನ ಮಾತಾಡ್ತೀನಿ ನಾನು."

ಆಮೇಲೆ ಫೋನನ್ನೂ ವಾಪಸು ನನ್ನ ಕೈಗೇ ಇಟ್ಟಳು.

"ಇದು ಈಗ ಬ್ಯಾಡ. ಆ ಕಾಗದ ಬರಲಿ. ಈಗ ತಗೊಂಡ್ರ ನಾ ಮತ್ತ ಕಳ್ಳಿ."

ಮೊಪೆಡ್ಡು ಶುರು ಮಾಡಿದಳು. ಅರ್ಜಿಯನ್ನು ಮಡಚಿ ಕುಪ್ಪಸದೊಳಗೆ ಸೇರಿಸಿಕೊಂಡದ್ದು ಕಂಡಿತು. ಸೀರೆ, ಕೂದಲು, ಹಿತ್ತಾಳೆ ಎನ್ನುತ್ತ ಸ್ಪೀಕರು ಓಣಿಯ ತಿರುವಿಗೆ ಹೋಯಿತು. ನಾನು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸಿಮ್ಮು ಹಿಡಿದು ಗೇಟಿನಲ್ಲಿ ನಿಂತಿದ್ದೆ. ಎದುರು ಮನೆಯ ಸೊಸೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಏನು ಸಿಕ್ಕಿತೋ ಈ ಟೀಚರಮ್ಮನಿಗೆ ಎನ್ನುವ ಹಾಗೆ.